ಸೀಟಿನ ಕೆಳಗಿನ ಸ್ವಿಚ್ಚು

ಹೆಂಡತಿ: ವ್ಯಾನಿನ ಬ್ಯಾಟರಿ ಇಳಿದುಹೋಗುತ್ತೆ ಅಂದ್ರಿ, ಇಳಿಯಲ್ಲ ಅಂತ ಈ ವೈರಿಂಗ್‌ನವರು ಹೇಳಿದ್ರು. ಇನ್ನೇನು ನೆಪ ಉಳಿದಿದೆ?

ಗಂಡ: ನೆಪ ಅಲ್ಲ ಕಣೇ. ಫೋನು ಕಣ್ಣೆದುರಿಗೇ ನಿಂತಿದ್ರೆ ರಸ್ತೆ ಕಾಣೋದು ಹೇಗೆ?

ವೈರಿಂಗ್‌ನವನು: ಸ್ಟ್ಯಾಂಡು ಪಕ್ಕಕ್ಕೆ ಬರುತ್ತೆ ಸಾರ್. ರಸ್ತೆ ಪೂರ್ತಿ ಕಾಣುತ್ತೆ.

ಗಂಡ ಅವನನ್ನು ದುರುಗುಟ್ಟಿಕೊಂಡು ನೋಡಿದ. ಪಾಪ, ಗಂಡನದು ಪರದೆ ಹೊಲಿಸಿ ಮನೆಮನೆಗೆ ಹಾಕಿಕೊಡುವ ಅಂಗಡಿ. ಸಂಜೆ ವ್ಯಾನಿನಲ್ಲಿ ಮನೆಗೆ ಬರುವ ಅರ್ಧ ಗಂಟೆ ಅವನು ಫೋನು ಎತ್ತಿದವನಲ್ಲ. ಗಾಡಿ ಓಡಿಸುವಾಗ ಕೈಯಲ್ಲಿ ಫೋನು ಹಿಡಿಯಬಾರದು ಎಂಬ ನೆಪವನ್ನು ವರ್ಷಗಟ್ಟಲೆ ಜತನವಾಗಿ ಕಾಪಾಡಿಕೊಂಡು ಬಂದಿದ್ದ. ಹೆಂಡತಿ ಈಗ ಅದರ ಬುಡಕ್ಕೇ ಕೈಹಾಕಿದ್ದಳು. ಸ್ಟ್ಯಾಂಡು, ಮೈಕು, ಸ್ಪೀಕರು. ಕೈ ಸೋಕದೆ ಫೋನು ತಾನೇ ಎತ್ತಿಕೊಳ್ಳುವ ಏರ್ಪಾಡು.

ಗಂಡ: ಅಷ್ಟು ಅರ್ಜೆಂಟಾಗಿ ಹೇಳೋದು ಏನಿರುತ್ತೆ ನಿಂಗೆ?

ಹೆಂಡತಿ: ಎತ್ತಿದ್ರೆ ತಾನೇ ಗೊತ್ತಾಗೋದು? ಒಲೆ ಮೇಲೆ ಹಾಲಿಟ್ಟಿದ್ದೀನಿ. ಮುಗಿದ ಮೇಲೆ ಕೂಗಿ, ಅಡುಗೆಮನೆಯಿಂದಲೇ ಫೋನ್ ಮಾಡಿ ನೋಡ್ತೀನಿ.

ಅವಳು ಒಳಗೆ ಹೋದದ್ದೇ ತಡ, ಗಂಡ ದನಿ ತಗ್ಗಿಸಿದ.

ಗಂಡ: ನಿಂಗೂ ಮದುವೆ ಆಗಿರ್ಬೇಕಲ್ಲಪ್ಪಾ?

ವೈರಿಂಗ್‌ನವನು: ಆಗಿದೆ ಸಾರ್. ಅದಕ್ಕೇ ರಜಾ ದಿನಾನೂ ಕೆಲಸಕ್ಕೆ ಬರ್ತೀನಿ.

ಗಂಡ: ಹಾಗಾದ್ರೆ ನಿಂಗೆ ಅರ್ಥ ಆಗುತ್ತೆ. ಸೀಟಿನ ಕೆಳಗೆ ಒಂದು ಸಣ್ಣ ಸ್ವಿಚ್ ಕೂರಿಸಿಬಿಡು. ಒತ್ತಿದ್ರೆ ಅವಳ ದನಿ ನಿಲ್ಬೇಕು. ಸಿಗ್ನಲ್ ಇರ್ಲಿಲ್ಲ ಅಂತೀನಿ.

ಕೆಲಸ ಮುಗಿದಾಗ ಗಂಡ ಹೆಂಡತಿಗೆ ಕೂಗಿ ಹೇಳಿದ. ಗಂಡಸರಿಬ್ಬರೂ ಗಾಜು ಏರಿಸಿ ವ್ಯಾನಿನೊಳಗೆ ಕೂತರು. ಫೋನು ರಿಂಗಾಗಿ ತಾನೇ ಎತ್ತಿಕೊಂಡಿತು.

ಹೆಂಡತಿ (ಸ್ಪೀಕರಿನಲ್ಲಿ): ಕೇಳಿಸ್ತಿದೆಯಾ?

ಗಂಡ: ಪಕ್ಕದ ಬೀದಿಗೂ ಕೇಳಿಸ್ತಿದೆ.

ಹೆಂಡತಿ: ಒಳ್ಳೇದಾಯ್ತು. ಇನ್ಮೇಲೆ ಸೋಪು ಮರೆತೆ ಅನ್ನೋ ಹಾಗಿಲ್ಲ, ದಾರೀಲೇ ನೆನಪಿಸ್ತೀನಿ. ಆಮೇಲೆ ನಿಮ್ಮ ತಂಗಿ ಇದ್ದಾಳಲ್ಲ, ಅವಳು ಮೊನ್ನೆ...

ಗಂಡ ಸ್ವಿಚ್ ಒತ್ತಿದ. ತಂಗಿಯ ವಿಷಯ ಅರ್ಧಕ್ಕೇ ನಿಂತಿತು. ಅವನು ಹಾಯಾಗಿ ಸೀಟಿಗೊರಗಿದ.

ಗಂಡ: ನಿನ್ನ ಕೈಗೆ ಚಿನ್ನದ ಕಡಗ ಹಾಕಿಸ್ಬೇಕು ಕಣಯ್ಯಾ.

ವೈರಿಂಗ್‌ನವನು: ಮೇಡಂ ಮೇಲೆ ಯಾಕೆ ಸಾರ್ ಇಷ್ಟು ಕೋಪ?

ಗಂಡ: ಕೋಪ ಯಾರಿಗೆ? ಗಿರಾಕಿಗಳು ನೀಲಿ ಬೇಕು ಅಂತಾರೆ, ಹೊಲಿದ ಮೇಲೆ ಹಸಿರೇ ಚೆನ್ನಾಗಿತ್ತು ಅಂತಾರೆ. ಕೇಳಿ ಕೇಳಿ ಕಿವಿ ತೂತು ಬಿದ್ದಿರುತ್ತೆ. ದಾರೀಲಿ ಒಂದಿಷ್ಟು ಹೊತ್ತು ಸುಮ್ನಿದ್ರೆ, ಮನೆಗೆ ಬಂದು ಅವಳ ಮಾತು ಕೇಳೋ ಆಸೆ ಆಗುತ್ತೆ. ಅವಳ ಮಾತಿಲ್ದಿದ್ರೆ ನಂಗೆ ಅನ್ನ ಗಂಟಲಲ್ಲಿ ಇಳಿಯಲ್ಲ. ಇದನ್ನ ಅವಳ ಮುಂದೆ ಬಾಯಿಬಿಟ್ಟೀಯ, ಜೋಕೆ.

ಯಾರೋ ಗಾಜು ತಟ್ಟಿದರು. ಹೆಂಡತಿ ನಿಂತಿದ್ದಳು, ಫೋನು ಇನ್ನೂ ಕಿವಿಯಲ್ಲೇ ಇತ್ತು. ಗಂಡ ಗಾಜು ಇಳಿಸಿದ.

ಹೆಂಡತಿ: ನನ್ನ ಮಾತು ನಿಮಗೆ ಕೇಳಿಸ್ಲಿಲ್ಲ ಅನ್ಸುತ್ತೆ. ನಿಮ್ದು ನಂಗೆ ಪೂರ್ತಿ ಕೇಳಿಸ್ತು.

ಗಂಡ: ಏನಯ್ಯಾ ಇದು?

ವೈರಿಂಗ್‌ನವನು: ಅವರ ದನಿ ನಿಲ್ಬೇಕು ಅಂದ್ರಿ, ನಿಲ್ಲಿಸ್ದೆ. ನಿಮ್ದೂ ನಿಲ್ಲಿಸ್ಬೇಕಿತ್ತಾ ಸಾರ್?

ಗಂಡ: ಬಿಚ್ಚಿ ಹಾಕು ಆ ಸ್ವಿಚ್ಚನ್ನ.

ಹೆಂಡತಿ: ಮುಟ್ಬೇಡಿ, ಅದು ಅಲ್ಲೇ ಇರ್ಲಿ.

ಗಂಡನಿಗೆ ನಂಬಿಕೆಯೇ ಬರಲಿಲ್ಲ. ತನ್ನ ಅರ್ಧ ಗಂಟೆ ಉಳಿಯಿತೆಂದು ಮುಖ ಅರಳಿತು.

ಗಂಡ: ನಿಜವಾಗ್ಲೂ ಇರ್ಲಾ?

ಹೆಂಡತಿ: ಇರ್ಲಿ. ದಿನಾ ಸಂಜೆ ನಾನು ಫೋನ್ ಮಾಡ್ತೀನಿ, ನೀವು ಸ್ವಿಚ್ ಒತ್ತಿ. ಮನೆ ಮುಟ್ಟೋವರೆಗೂ ನಾನು ತುಟಿ ಪಿಟಕ್ಕನ್ನಲ್ಲ. ನೀವು ಮಾತ್ರ ಈಗ ಹೇಳಿದ್ರಲ್ಲ, ಹಾಗೇ ನನ್ನ ಬಗ್ಗೆ ಹೇಳ್ತಾ ಬನ್ನಿ.