ಮನೆಯವರದು ಲೆಕ್ಕಕ್ಕಿಲ್ಲ

ನಮ್ಮ ಸೋದರಮಾವನಷ್ಟು ಪತ್ರಿಕೆಗಳನ್ನು ಕೈಯಲ್ಲಿ ಹಿಡಿದವರು ಆಳಂದ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಆದರೆ ಯಾವುದರ ಮೊದಲ ಪುಟವನ್ನೂ ಅವರು ನೋಡಿದವರಲ್ಲ! ಏನೇ ಕೊಡಿ, ಹಿಂದಿನಿಂದ ತೆರೆಯುವರು.

ಮಾಮಾ ಆಳಂದದ ಕಾಲೇಜಿನಲ್ಲಿ ಭೌತಶಾಸ್ತ್ರದ ಲೆಕ್ಚರರ್. ಎಂಬತ್ತರ ದಶಕದ ಆರಂಭದಲ್ಲಿ ಅವರದೊಂದು ಲೇಖನ ಭೌತಶಾಸ್ತ್ರದ ಸಂಶೋಧನಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ವಿಷಯ, ಬೀಸುಕಲ್ಲಿನ ಸದ್ದು. ಅದಕ್ಕಾಗಿ ಇಡೀ ಬೇಸಿಗೆ ಅತ್ತೆಯನ್ನು ಕಲ್ಲಿನ ಮುಂದೆ ಕೂರಿಸಿ, ತಾವು ಸ್ಟಾಪ್‌ವಾಚ್ ಹಿಡಿದು ಕೂತಿದ್ದರು. ಹಿಟ್ಟಿನ ಗಿರಣಿ ಮನೆಯ ಎದುರಿಗೇ ಇತ್ತು! ಅತ್ತೆ ಇದನ್ನು ಓಣಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ಅಚ್ಚಾದ ಮೇಲೆ ಶುರುವಾಯಿತು ನೋಡಿ. ಬೇರೆ ಯಾರಾದರೂ ತಮ್ಮ ಲೇಖನದ ಕೊನೆಯಲ್ಲಿ, ಆಧಾರಗಳ ಪಟ್ಟಿಯಲ್ಲಿ, ಇವರ ಹೆಸರು ಹಾಕಿದ್ದಾರೆಯೇ? ಅದನ್ನು ಹುಡುಕಲು ತಿಂಗಳಿಗೊಮ್ಮೆ ಬಸ್ಸು ಹತ್ತಿ ಗುಲಬರ್ಗಾದ ಗ್ರಂಥಾಲಯಕ್ಕೆ ಹೋಗುವರು. ಹೆಸರು ಸಿಗದಿದ್ದಾಗ, ಬಂದದ್ದು ದಂಡವಾಗಬಾರದೆಂದು ತಮ್ಮ ಲೇಖನ ಬಂದ ಆ ಪತ್ರಿಕೆಯನ್ನೇ ಅಳೆಯತೊಡಗಿದರು. ಅದು ಅಚ್ಚು ಹಾಕಿದ ಲೇಖನಗಳೆಷ್ಟು, ಅವುಗಳನ್ನು ಬೇರೆಯವರು ಹೆಸರಿಸಿದ್ದು ಎಷ್ಟು ಸಲ? ಹೆಸರಿಸಿದ ಸಲಗಳನ್ನು ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಪತ್ರಿಕೆಯ ತೂಕ! ತಮ್ಮದೇ ಹಳೆಯ ಲೇಖನವನ್ನೋ, ಪಕ್ಕದ ಕುರ್ಚಿಯವರ ಲೇಖನವನ್ನೋ ಹೆಸರಿಸಿಕೊಂಡವರಿಗೆ ಮಾಮಾನ ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನ ಕಾಟು ಬೀಳುತ್ತಿತ್ತು. ಮನೆಯವರು ಹೊಗಳಿದ್ದು ಲೆಕ್ಕಕ್ಕಿಲ್ಲ ಎಂಬುದು ಅವರ ಕಾನೂನು.

ಈ ಕಾನೂನು ಲಗ್ನಪತ್ರಿಕೆಗಳಿಗೂ ಹಬ್ಬಿತು. ನಮ್ಮ ಕಡೆ ಲಗ್ನಪತ್ರಿಕೆಯ ಕೆಳಗೆ ಬೀಗರು, ನೆಂಟರ ಹೆಸರು ಗಿಜಿಗುಡುತ್ತವಷ್ಟೇ? ಯಾರ ಹೆಸರು ಎಷ್ಟು ಮನೆಯ ಕಾರ್ಡಿನಲ್ಲಿದೆ ಎಂದು ಮಾಮಾ ಎಣಿಸುವರು. ನಿಂಬರ್ಗಾದ ಗೌಡರೊಬ್ಬರು ಹುರುಪಿನಿಂದ ತಮ್ಮ ತೂಕ ಕೇಳಿದರು. ಸ್ವಂತ ಮಕ್ಕಳ ಕಾರ್ಡು ಕಳೆದರೆ ಸೊನ್ನೆ! ಗೌಡರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಇನ್ನು, ತಾರೀಖಿರುವ ಕಾರ್ಡಿನ ಮೇಲ್ಭಾಗ ಓದುವ ಅಭ್ಯಾಸವೇ ಇಲ್ಲದ ಮಾಮಾ ಮಟಕಿ ಊರಿನ ಮದುವೆಗೆ ಮರುದಿನ ಹೋಗಿ, ಪಾತ್ರೆ ತೊಳೆಯುವವರ ಮೇಲೆ ಅಕ್ಷತೆ ಹಾಕಿ ಬಂದದ್ದೂ ಉಂಟು.

ವರ್ಷಗಳು ಹೋದವು. ಪತ್ರಿಕೆಯ ತೂಕ ಏರಿತು. ಮಾಮಾನ ನೋಟ್‌ಬುಕ್ಕಿನಲ್ಲಿ ಅವರ ಹೆಸರಿನ ಮುಂದೆ ಮಾತ್ರ ಏನೂ ಬೀಳಲಿಲ್ಲ. ಒಮ್ಮೆ ಬಸ್ಸಿಳಿದು ಬಂದವರು ಅಂಗಿ ಗೂಟಕ್ಕೆ ಹಾಕುತ್ತ, ನನ್ನತ್ತ ನೋಡದೆ ಹೇಳಿದರು: "ಒಬ್ರಾದ್ರೂ ಓದಿದ್ರ ಸಾಕಿತ್ತವ್ವ."

ಆಗ ನಾನು ಮಣ್ಣೂರಿನ ಹೆಂಗಸರ ಬೀಸುವ ಹಾಡುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಹಾಡಿನ ಲಯಕ್ಕೂ ಕಲ್ಲಿನ ಸುತ್ತಿಗೂ ಏನು ನಂಟು ಎಂಬಲ್ಲಿಗೆ ಬಂದು ಸಿಕ್ಕಿಕೊಂಡಿದ್ದೆ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಮಾಮಾನ ಇಂಗ್ಲಿಷ್ ಲೇಖನ ಓದಿದೆ. ಅಯ್ಯ ಶಿವನೇ, ಉತ್ತರ ಅಲ್ಲೇ ಇತ್ತು! ಅತ್ತೆ ಹಾಡಿದರೆ ಕಲ್ಲು ಒಂದೇ ಸಮ ತಿರುಗುತ್ತದೆ, ಹಾಡು ನಿಂತರೆ ಏರುಪೇರಾಗುತ್ತದೆ ಎಂದು ಅವರು ಅಳೆದಿಟ್ಟಿದ್ದರು. ಇಷ್ಟು ವರ್ಷ ನಾವೆಲ್ಲ ಅದನ್ನು ಓದದೆಯೇ ನಕ್ಕಿದ್ದೆವು.

ಮಹಾಪ್ರಬಂಧ ಪುಸ್ತಕವಾದಾಗ ಒಯ್ದು ಕೊಟ್ಟೆ. ಮಾಮಾ ಹಿಂದಿನಿಂದಲೇ ತೆರೆದರು. ಬೆರಳು ಆಧಾರಗಳ ಪಟ್ಟಿಯ ಒಂದು ಸಾಲಿನ ಮೇಲೆ ನಿಂತಿತು.

"ಮನಿಯವರದು ಲೆಕ್ಕಕ್ಕ ಬರಂಗಿಲ್ಲವ್ವ," ಎಂದರು. ದನಿ ಸಣ್ಣದಾಗಿತ್ತು.

"ಮನಿಯವರು ಅಂತ ಹಾಕಿಲ್ಲರಿ ಮಾಮಾ. ಓದೀನಿ, ಬೇಕಾಗಿತ್ತು, ಹಾಕೀನಿ."

ಅವರು ನೋಟ್‌ಬುಕ್ ತೆಗೆದು ತಮ್ಮ ಹೆಸರಿನ ಮುಂದೆ ಲೆಕ್ಕದ ಒಂದು ಗೀಟೆಳೆದರು. ಕನ್ನಡಕ ಒರೆಸಿಕೊಂಡರು. ಆಮೇಲೆ ನನ್ನ ಪುಸ್ತಕವನ್ನು ಮುಂಬದಿಗೆ ತಿರುಗಿಸಿಕೊಂಡು, ಮೊದಲ ಪುಟದಿಂದ ಓದಲು ಕೂತರು.