ಅತ್ತೆಯ ಅರ್ತಿಂಗು

ನಮ್ಮ ಅತ್ತೆಗೆ ಅಳಿಯನಿಗಿಂತ ಅಳಿಯನ ಕಾರಿನ ಮೇಲೆ ಪ್ರೀತಿ ಜಾಸ್ತಿ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಿಜ ಹೇಳಬೇಕೆಂದರೆ ಆ ಪ್ರೀತಿ ಇಡೀ ಕಾರಿನ ಮೇಲೂ ಅಲ್ಲ, ಅದರೊಳಗಿನ ಒಂದು ಕರಿ ವೈರಿನ ಮೇಲೆ! ಮದುವೆಯಾದ ಹೊಸತರಲ್ಲಿ ನಾನು ಭದ್ರಾವತಿಯಿಂದ ಕಾರು ಓಡಿಸಿಕೊಂಡು ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ಮಾವನ ಮನೆಗೆ ಹೋಗಿ, ಹೊಸ ಅಳಿಯನ ಠೀವಿಯಲ್ಲಿ ಇಳಿದು ನಿಂತೆ. ಅತ್ತೆ ಗೇಟಿನವರೆಗೂ ಬಂದರು. ಕಾಲಿಗೆ ನೀರು ತಂದರೇನೋ ಎಂದುಕೊಂಡರೆ ಅವರ ಕೈಯಲ್ಲಿದ್ದದ್ದು ಸ್ಪ್ಯಾನರು. “ಬಾನೆಟ್ ತೆಗೀರಿ,” ಎಂದರು. ಪ್ರಯಾಣ ಹೇಗಾಯಿತು ಎಂದು ಕೇಳಿದ್ದು ಮುಕ್ಕಾಲು ಗಂಟೆಯ ಮೇಲೆ, ಅದೂ ಕಾರನ್ನೇ ನೋಡುತ್ತಾ.

ಇವರೇನು ಮೆಕ್ಯಾನಿಕ್ಕೇ? ಅಲ್ಲ ಸ್ವಾಮಿ, ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಮಾವನ ಕಣ್ಣು ಮಂಜಾದ ಮೇಲೆ ಮನೆಯ ಹಳೇ ಕಾರು ಇವರ ಕೈಗೆ ಬಂತು. ಕಾರು ಒಮ್ಮೆ ಸ್ಟಾರ್ಟ್ ಆದರೆ ಇನ್ನೊಮ್ಮೆ ‘ಟಿಕ್’ ಎಂದು ಸುಮ್ಮನಾಗುತ್ತಿತ್ತು. ಇಂಡಿಕೇಟರ್ ಹಾಕಿದರೆ ಹೆಡ್‌ಲೈಟೂ ಕಣ್ಣು ಮಿಟುಕಿಸುತ್ತಿತ್ತು. ಒಬ್ಬ ಮೆಕ್ಯಾನಿಕ್ ಬ್ಯಾಟರಿ ಬದಲಿಸಿದ, ಮತ್ತೊಬ್ಬ ಸ್ಟಾರ್ಟರ್ ಬದಲಿಸಿದ, ಮೂರನೆಯವನು ಕಾರನ್ನೇ ಬದಲಿಸಿ ಎಂದ. ಕೊನೆಗೆ ಮಾಚೇನಹಳ್ಳಿಯ ಶೆಡ್ಡೊಂದರಲ್ಲಿ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಒಂದು ಬೋಲ್ಟು ಬಿಚ್ಚಿ, ಅದರಡಿಯ ಕರಿ ವೈರನ್ನು ಎತ್ತಿ ತೋರಿಸಿದರಂತೆ. ವೈರಿನ ತುದಿಯಲ್ಲಿ ಹಸಿರು ಕಿಲುಬು, ಅದು ಕೂರುವ ಜಾಗದಲ್ಲಿ ಕೆಂಪು ತುಕ್ಕು. ದೀಪ, ಹಾರ್ನು, ಸ್ಟಾರ್ಟರು ಎಲ್ಲವನ್ನೂ ಸುತ್ತಿದ ಕರೆಂಟು ಕಾರಿನ ಬಾಡಿಯ ಮೂಲಕ ಈ ವೈರು ಹಿಡಿದೇ ಬ್ಯಾಟರಿಗೆ ಮರಳಬೇಕು, ಇದಕ್ಕೇ ಅರ್ತ್ ಅನ್ನೋದು, ಎಂದು ವಿವರಿಸಿದರಂತೆ. ಎರಡೂ ಕಡೆ ತಿಕ್ಕಿ ಮತ್ತೆ ಬಿಗಿದರು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಅತ್ತೆ ಅಲ್ಲಿಂದ ಬೇರೆಯೇ ಮನುಷ್ಯರಾಗಿ ಮನೆಗೆ ಬಂದರು. ಅವರ ವ್ಯಾನಿಟಿ ಬ್ಯಾಗಿನಲ್ಲಿ ಕುಂಕುಮದ ಡಬ್ಬಿಯ ಪಕ್ಕ ಸ್ಪ್ಯಾನರು, ಸ್ಯಾಂಡ್ ಪೇಪರು ಮತ್ತು ಪೆಟ್ರೋಲಿಯಂ ಜೆಲ್ಲಿಯ ಡಬ್ಬಿ ಸೇರಿಕೊಂಡವು. ಅವರದೊಂದು ಕ್ರಮವಿದೆ. ಮೊದಲು ಬ್ಯಾಟರಿಯ ಮೈನಸ್ ವೈರು ಬಿಚ್ಚಬೇಕು. ಅದಕ್ಕೆ ಮುಂಚೆ ನಾನು ಕೈ ಹಾಕಿದ್ದಕ್ಕೆ ಹಳೇ ಟೀಚರ್ ಕೈ ನನ್ನ ಮಣಿಕಟ್ಟಿನ ಮೇಲೆ ಪಟ್ಟೆಂದು ಬಿದ್ದದ್ದುಂಟು. ಆಮೇಲೆ ಬೆಳ್ಳಗೆ ಹೊಳೆಯುವ ಲೋಹ ಕಾಣುವ ತನಕ ತಿಕ್ಕಬೇಕು. ಬೋಲ್ಟು ಬಿಗಿದ ನಂತರವೇ ಮೇಲೆ ಜೆಲ್ಲಿ ಸವರಬೇಕು, ತೇವ ತಾಗದಿರಲಿ ಎಂದು. ಮೊದಲೇ ಸವರಿ ಬಿಗಿಯುವವರನ್ನು ಅವರು ವ್ಯಾಕರಣ ತಪ್ಪಿದವರಂತೆ ನೋಡುತ್ತಾರೆ. ಚಳಿಗಾಲದಲ್ಲಿ ಮನೆಮಂದಿಯ ತುಟಿ ಒಡೆದರೂ ಜೆಲ್ಲಿ ಸಿಗುವುದಿಲ್ಲ. “ನಂಗೆ ಸ್ವಲ್ಪ ಮಂಡಿ ನೋವು ಅಂದ್ರೂ ಸ್ಯಾಂಡ್ ಪೇಪರ್ ಹುಡುಕ್ತಾಳೆ ಮಾರಾಯ,” ಎಂದು ಮಾವ ಒಮ್ಮೆ ನನ್ನ ಕಿವಿಯಲ್ಲಿ ಹೇಳಿದ್ದರು.

ಹೊಳೆಹೊನ್ನೂರಿನ ಮದುವೆಯ ಕಥೆಯನ್ನು ನಮ್ಮ ಬಳಗದಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ. ಊಟ ಮುಗಿದು ಹೆಣ್ಣನ್ನು ಕಳಿಸಿಕೊಡುವ ಹೊತ್ತು. ಸೇವಂತಿಗೆ ಹೊದ್ದ ಮದುಮಕ್ಕಳ ಕಾರು ‘ಟಿಕ್’ ಎಂದಿತು, ಅಷ್ಟೇ. ಗಂಡಸರೆಲ್ಲ ಸುತ್ತ ಸೇರಿ ಅಭಿಪ್ರಾಯ ಮಂಡಿಸುತ್ತಿದ್ದರು. ಅತ್ತೆ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ ಮುಂದೆ ಬಂದರು. ಬಾನೆಟ್ ತೆಗೆಯಲು ಹೂವು ಬಿಚ್ಚಬೇಕು, ಬಿಚ್ಚಲು ಅಲಂಕಾರ ಮಾಡಿದವನು ಒಪ್ಪ. ಅತ್ತೆ ಅವನಿಗೆ ಏನು ಹೇಳಿದರೋ ಗೊತ್ತಿಲ್ಲ, ಎರಡು ನಿಮಿಷದಲ್ಲಿ ಅವನೇ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತಿದ್ದ. ಗಂಡಿನ ಕಡೆಯ ಅಜ್ಜಿಯೊಬ್ಬರು, ಇದು ಹೆಣ್ಣಿನ ಕಡೆಯ ಶಾಸ್ತ್ರವಿರಬೇಕೆಂದು, ಮೇಲಿಂದ ನಾಲ್ಕು ಅಕ್ಷತೆ ಹಾಕಿದರು. ಕಾರೇನೋ ಹೊರಟಿತು. ಆದರೆ ಆ ಮದುವೆಯ ಆಲ್ಬಮ್ಮಿನಲ್ಲಿ ವಧೂವರರ ಮುಖಕ್ಕಿಂತ ನಮ್ಮ ಅತ್ತೆಯ ಬೆನ್ನೇ ಸ್ಪಷ್ಟವಾಗಿ ಬಂದಿದೆ.

ಹಾಗೆಂದು ಅವರು ಸೋತದ್ದೇ ಇಲ್ಲವೇ? ಒಮ್ಮೆ ನನ್ನ ಕಾರು ಅವರ ಮನೆ ಮುಂದೆಯೇ ನಿಂತುಬಿಟ್ಟಿತು. ಅತ್ತೆ ಬ್ಯಾಟರಿಯದು, ಇಂಜಿನ್ನಿನದು, ಡಿಕ್ಕಿಯ ಮೂಲೆಯದು, ಹೀಗೆ ಇದ್ದಬದ್ದ ಅರ್ತನ್ನೆಲ್ಲ ಬಿಚ್ಚಿ ತಿಕ್ಕಿದರು. ಮಧ್ಯಾಹ್ನದ ಸಾರು ಎರಡು ಸಲ ಬಿಸಿಯಾಗಿ ಎರಡು ಸಲ ಆರಿತು. ಕೊನೆಗೆ ಮಾವ ಮೆಲ್ಲಗೆ ಬಂದು ಪೆಟ್ರೋಲ್ ಇದೆಯೇ ಎಂದು ಕೇಳಿದರು. ಇರಲಿಲ್ಲ. ಅತ್ತೆ ನನ್ನ ಕಡೆ ತಿರುಗಿ, “ಅದು ಹಸ್ಕೊಂಡಿದೆ ಅಂತ ಮೊದ್ಲೇ ಹೇಳ್ಬಾರ್ದಾ?” ಎಂದು ಒಳಗೆ ಹೋದರು. ಅವರ ಲೆಕ್ಕದಲ್ಲಿ ಅದು ಸೋಲೇ ಅಲ್ಲ.

ಹೋದ ವರ್ಷ ಒಂದು ಎಡವಟ್ಟು ಮಾಡಿಕೊಂಡೆ. ನನ್ನ ಹೆಂಡತಿ ಕಾರು ಕಲಿಯುತ್ತಿದ್ದಳು. ಒಂದು ದಿನ ಗೇಟಿಗೆ ತಾಗಿಸಿದಳು. ಮನೆಯಲ್ಲಿ ನನ್ನ ಸ್ನೇಹಿತರಿದ್ದರು. ಅವರೆದುರು ನಾನು ಅವಳ ಡ್ರೈವಿಂಗನ್ನು ನಟಿಸಿ ತೋರಿಸಿದೆ. ಎಲ್ಲರೂ ನಕ್ಕರು. ಅವಳು ಕಾಫಿ ಕೊಟ್ಟು, ಲೋಟ ತೊಳೆದಿಟ್ಟು, ಅವರು ಹೋದ ಮೇಲೆ ಬ್ಯಾಗು ತುಂಬಿಕೊಂಡು ಬಸ್ಸು ಹತ್ತಿ ತವರಿಗೆ ಹೋದಳು. ಎರಡು ದಿನದಲ್ಲಿ ಬರುತ್ತಾಳೆಂದುಕೊಂಡೆ. ಬರಲಿಲ್ಲ. ಫೋನ್ ಮಾಡಲು ನನಗೆ ಜಂಬ. ರಾತ್ರಿಯ ಅನ್ನವನ್ನೇ ಬೆಳಿಗ್ಗೆ ಒಗ್ಗರಿಸಿ ತಿನ್ನುತ್ತಾ ಹನ್ನೆರಡು ದಿನ ಕಳೆದೆ.

ಹದಿಮೂರನೆಯ ದಿನ ಭಾನುವಾರ. ಬಾಗಿಲು ತೆರೆದರೆ ಅತ್ತೆ, ಒಬ್ಬರೇ. ಬಸ್ಸಿನಲ್ಲಿ ಬಂದಿದ್ದರು. ಇಂದು ನನಗೆ ಸರಿಯಾಗಿ ಮಂಗಳಾರತಿ ಎಂದು ತಲೆ ತಗ್ಗಿಸಿ ನಿಂತೆ. ಅವರು ಒಳಗೂ ಬರಲಿಲ್ಲ. “ಬಾನೆಟ್ ತೆಗೀರಿ,” ಎಂದರು.

ತೆಗೆದೆ. ಅವರು ಬೋಲ್ಟು ಬಿಚ್ಚಿ ವೈರನ್ನು ಎತ್ತಿದರು. ಅದರಡಿಯ ಲೋಹ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಳೆಯದೇ ಏನು, ಹಿಂದಿನ ತಿಂಗಳಷ್ಟೇ ಅವರೇ ತಿಕ್ಕಿದ್ದು. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ಆದರೂ ಬ್ಯಾಗಿನಿಂದ ಸ್ಯಾಂಡ್ ಪೇಪರ್ ತೆಗೆದು ಅರ್ಧ ಗಂಟೆ ತಿಕ್ಕಿದರು. ತಲೆ ಎತ್ತದೆಯೇ ಹೇಳಿದರು, “ಅವ್ಳು ಬಂದಿದ್ದಕ್ಕೆ ನಾನೇನೂ ಬೈದಿಲ್ಲ. ಒಂದೆರಡು ದಿನ ಇದ್ದು ಹೋಗು ಅಂತ ನಾನೇ ಅಂದಿದ್ದು. ಈಗ ದಿನಾ ಸಂಜೆ ಗೇಟ್ ಹತ್ರ ಹೋಗಿ ನಿಂತ್ಕೋತಾಳೆ. ಅದನ್ನ ನೋಡೋಕಾಗಲ್ಲ ನಂಗೆ.”

ಅವರು ಬೋಲ್ಟು ಬಿಗಿದು ಜೆಲ್ಲಿ ಸವರಿ ಎಡಗಡೆ ಸೀಟಿನಲ್ಲಿ ಹೋಗಿ ಕುಳಿತರು. ನಾನು ಮನೆಗೆ ಬೀಗ ಹಾಕಿ ಬಂದೆ. ದಾರಿಯಲ್ಲಿ ಅವರಿಗೆ ನಿದ್ದೆ ಹತ್ತಿತು. ಮಡಿಲಲ್ಲಿದ್ದ ಕೈಗಳ ಉಗುರಿನ ಸಂದಿಯಲ್ಲೆಲ್ಲ ಕಪ್ಪು ಕೂತಿತ್ತು.

ದುರ್ಗಿಗುಡಿಯಲ್ಲಿ ಕಾರಿನ ಸದ್ದಿಗೆ ಹೆಂಡತಿ ಹೊರಗೆ ಬಂದಳು. ಯಾರೂ ಏನೂ ಕೇಳುವ ಮೊದಲೇ ಅತ್ತೆ ಅವಳಿಗೆ, ತಾನು ಕಾರು ನೋಡಲು ಹೋಗಿದ್ದೆ, ಅಳಿಯಂದಿರು ಬಿಡಲು ಬಂದಿದ್ದಾರೆ ಅಷ್ಟೇ, ಎಂದರು. ಕೈ ತೊಳೆದು ಬರುತ್ತೇನೆ ಎಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು.

“ತಪ್ಪಾಯ್ತು,” ಎಂದೆ.

ಅವಳು, “ಯಾರ ಮುಂದೆ ನನ್ನ ಆಡ್ಕೊಂಡ್ರೋ ಅವ್ರ ಮುಂದೇನೇ ಹೇಳ್ಬೇಕು ಇದನ್ನ,” ಎಂದಳು. ಹೇಳುತ್ತೇನೆ ಎಂದೆ. ಆಮೇಲೆ ಅವಳು ಅತ್ತಳು, ನಾನೂ ಸ್ವಲ್ಪ. ಇನ್ನೂ ಏನೇನೋ ಇತ್ತು ಹೇಳಿಕೊಳ್ಳಲು, ನಡುಮನೆಯಲ್ಲಿ ಕೂತು ಹೇಳಿಕೊಂಡೆವು.

ಅಷ್ಟೂ ಹೊತ್ತು ಬಚ್ಚಲಲ್ಲಿ ನಲ್ಲಿ ಸುರಿಯುತ್ತಲೇ ಇತ್ತು. ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಗಿಡಕ್ಕೆ ಹಾಕುವ ಹೆಂಗಸು, ನಮ್ಮ ಮಾತು ತಮ್ಮ ಕಿವಿಗೆ ಬೀಳದಿರಲೆಂದು, ನಾವು ಕಣ್ಣೊರೆಸಿಕೊಂಡು ಏಳುವ ತನಕವೂ ಅದನ್ನು ನಿಲ್ಲಿಸಲಿಲ್ಲ.