ಪ್ಲೈಟೆಗೈಯರ್ ಎಂಬ ಹಕ್ಕಿ

ಸಂಬಳ ತಡವಾದಾಗ ಮನುಷ್ಯನಿಗೆ ಭಾಷಾಶಾಸ್ತ್ರದಲ್ಲಿ ಆಸಕ್ತಿ ಹುಟ್ಟುತ್ತದೆ. ಇದು ನನ್ನ ಸ್ವಂತ ಸಂಶೋಧನೆ. ಸೌದಿಯ ಖಮೀಸ್ ಮುಶೈತ್‌ನಲ್ಲಿ ಬಾಟಲಿಗೆ ನೀರು ತುಂಬಿಸುವ ಸಣ್ಣ ಕಂಪನಿಯೊಂದಕ್ಕೆ ನಾನು ಅಕೌಂಟೆಂಟ್. ಲೆಕ್ಕವಿಡುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲವಾಗಿ, ಯಂತ್ರ ರಿಪೇರಿಗೆ ಬಂದಿದ್ದ ಜರ್ಮನ್ ಇಂಜಿನಿಯರ್ ವಾಲ್ಟರನ ಜತೆ ಸುಲೈಮಾನಿ ಚಹಾ ಕುಡಿಯುವುದೇ ನನ್ನ ಡ್ಯೂಟಿಯಾಗಿತ್ತು.

ಒಂದು ದಿನ ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕರು, ಹೊಚ್ಚಹೊಸ ಕಾರಿನಿಂದ ಇಳಿದರು. ಮುಗ್ಗಟ್ಟು ಇದ್ದದ್ದು ನಮ್ಮ ಸಂಬಳಕ್ಕೆ ಮಾತ್ರ. ವಾಲ್ಟರ್ ಆಕಾಶ ನೋಡಿ, "ಪ್ಲೈಟೆಗೈಯರ್" ಎಂದ. ಅರ್ಥ ಕೇಳಿದೆ. ದಿವಾಳಿಯ ರಣಹದ್ದಂತೆ, ಮುಳುಗುವ ಕಂಪನಿಯ ಮೇಲೆ ಸುತ್ತುತ್ತದಂತೆ.

"ಆದರೆ ಮೂಲದಲ್ಲಿ ಹಕ್ಕಿಯೇ ಇರಲಿಲ್ಲ ಅಂತಾರೆ," ಎಂದ ವಾಲ್ಟರ್. ಯಿಡ್ಡಿಷ್ ಮಾತಾಡುವ ಯಹೂದಿಗಳ ಬಾಯಲ್ಲಿ 'ಪ್ಲೈಟೆ' ಎಂದರೆ ದಿವಾಳಿ. ಅದಕ್ಕೂ ಹಿಂದೆ ಹೀಬ್ರೂವಿನಲ್ಲಿ ಪಾರಾಗಿ ಓಡುವುದು. 'ಗೈಯರ್' ಎಂದರೆ ಬರೀ ಹೋಗುವವನು. ಜರ್ಮನ್‌ನಲ್ಲಿ 'ಗೈಯರ್' ಎಂದರೆ ರಣಹದ್ದು, ಜರ್ಮನ್ ಕಿವಿಗೆ ಹಾಗೆಯೇ ಕೇಳಿಸಿತು. ಸಾಲ ಕೊಟ್ಟವರ ಕಣ್ಣು ತಪ್ಪಿಸಿ ಹೊರಟ ಬಡಪಾಯಿಗೆ ದಾರಿಯಲ್ಲೇ ರೆಕ್ಕೆ, ಕೊಕ್ಕು ಮೂಡಿದವು.

ಸ್ಟೋರ್ ನೋಡಿಕೊಳ್ಳುವ ಭಟ್ಕಳದ ಮುಸದ್ದಿಕ್ ಭಾಯಿ ಅಲ್ಲೇ ಇದ್ದರು. "ಎಂತ ಮಾರಾಯ್ರೆ, ನಮ್ಮ ಕಂಪನಿಗೆ ಹಕ್ಕಿ ಹೆಸರಾ?" ಎಂದು ಅರ್ಧ ಕೇಳಿಸಿಕೊಂಡು ಹೋದರು. ಅವರ ಕಿವಿ ಜರ್ಮನರದ್ದಕ್ಕಿಂತ ಚುರುಕು. ಮಧ್ಯಾಹ್ನದೊಳಗೆ ಕಫೀಲ್ ನನ್ನನ್ನು ಕರೆಸಿದರು.

"ಜರ್ಮನ್ ನಮ್ಮನ್ನು ಯಾವುದೋ ಹಕ್ಕಿ ಅಂದನಂತೆ. ಯಾವ ಹಕ್ಕಿ?"

ನನ್ನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿಯ ನವೀಕರಣ ಅವರ ಕೈಯಲ್ಲಿತ್ತು. "ಬಹಳ ಎತ್ತರದಲ್ಲಿ ಹಾರುವ ಹಕ್ಕಿ, ಸಾರ್," ಎಂದೆ. ಸುಳ್ಳೇನಲ್ಲವಲ್ಲ!

"ಗಿಡುಗ!" ಎಂದ ಅವರ ಮುಖ ಅರಳಿತು; ಅರಬರಿಗೆ ಅದು ಹೆಮ್ಮೆಯ ಹಕ್ಕಿ. ಸಂಬಳಕ್ಕಿಲ್ಲದ ಹಣ ಗಿಡುಗದ ಚಿತ್ರವಿರುವ ಹೊಸ ಬೋರ್ಡಿಗೆ ತಕ್ಷಣ ಸಿಕ್ಕಿತು. ಪೇಂಟರನ ಕೈಚಳಕದಿಂದ ಗಿಡುಗದ ಕತ್ತು ಬೋಳಾಗಿ, ಬೆನ್ನು ಗೂನಾಗಿ, ಗೇಟಿನ ಮೇಲೆ ಅಪ್ಪಟ ರಣಹದ್ದೇ ಕುಳಿತಿತು. ವಾಲ್ಟರ್ ಅದರ ಕೆಳಗೆ ನಿಂತು ಕಣ್ಣೀರು ಬರುವಷ್ಟು ನಕ್ಕು, ಫೋಟೊ ತೆಗೆಸಿಕೊಂಡ. ಕಫೀಲ್ ಅದನ್ನು ಆನಂದಬಾಷ್ಪವೆಂದು ತಿಳಿದು ಅವನ ಬೆನ್ನು ತಟ್ಟಿದರು. ನನಗೆ 'ಭಾಷಾ ಸಲಹೆಗಾರ' ಎಂಬ ಬಡ್ತಿಯೂ ಆಯಿತು, ಇಲ್ಲದ ಸಂಬಳಕ್ಕೆ ತಕ್ಕಂತೆ.

ಇಷ್ಟನ್ನೂ ಹೆಮ್ಮೆಯಿಂದ ಹೆಂಡತಿ ಜುಬೈದಾಗೆ ಹೇಳಿದೆ. ಅವಳು ನರ್ಸ್, ಸದ್ಯ ನಮ್ಮ ಮನೆ ನಡೆಯುವುದು ಅವಳ ದುಡಿಮೆಯಿಂದ.

"ಕಂಪನಿ ಮುಳುಗ್ತದೆ ಅಂತ ಗೊತ್ತಾದ ಮೇಲೂ ಅಲ್ಲೇ ಕೂತು ಚಾ ಕುಡಿಯುವವರಿಗೆ ಜರ್ಮನ್‌ನಲ್ಲಿ ಎಂತ ಹೇಳ್ತಾರೆ?" ಎಂದಳು.

ವಾಲ್ಟರನನ್ನು ಕೇಳಬೇಕೆಂದುಕೊಂಡೆ. ಅದಕ್ಕೂ ಅವರಲ್ಲಿ ಒಂದು ಉದ್ದದ ಪದ ಇದ್ದೇ ಇರುತ್ತದೆಂದು ಹೆದರಿ ಸುಮ್ಮನಾದೆ.